ಮೊದಲನೇ ಪ್ಯಾರಾ ಬರೆಸಿದ ಬಾಯಾರು

ನಾನು ಬರೆದ ಡ್ರಾಫ್ಟಿನ ಮ್ಯಾಲೆ ಕೆಂಪು ಪೆನ್ನು ಆಡಿಸಿದವರು ಇಬ್ಬರೇ. ಒಬ್ಬರು ನನಗ ವಕೀಲಕಿ ಕಲಿಸಿದ ಸೀನಿಯರು. ಅವರಿಗೆ ಆ ಹಕ್ಕಿತ್ತು. ಇನ್ನೊಬ್ಬರು ಹಂಸಭಾವಿಯ ನಿವೃತ್ತ ನರ್ಸಬಾಯಿ. ಅವರಿಗೆ ಆ ಹಕ್ಕು ಯಾರು ಕೊಟ್ಟಿದ್ರೋ ನನಗಂತೂ ಗೊತ್ತಿಲ್ಲ, ಅವರೇ ತಗೊಂಡ್ರು. ನಾನು ಸವಣೂರಿನ ಆಚಾರ್ಯರ ಮನಿತನದಾಕಿ. ನಮ್ಮ ಅಜ್ಜ ಟೀಕಾ ಟಿಪ್ಪಣಿ ಬರಕೋತ ಆಯುಷ್ಯ ಕಳದವರು. ಅಕ್ಷರದ ವಿಷಯದಾಗ ನಮ್ಮ ಮನಿಯವರಿಗೆ ಸೊಕ್ಕು ಸ್ವಲ್ಪ ಜಾಸ್ತಿ. ಹಾನಗಲ್ಲ ಕೋರ್ಟಿನಾಗ ಇಪ್ಪತ್ತು ವರ್ಷದಿಂದ ಇದ್ದೇನಿ, ನನ್ನ ಅರ್ಜಿಯೊಳಗ ಒಬ್ಬ ಜಡ್ಜರೂ ತಪ್ಪು ಹುಡುಕಿಲ್ಲ ಅಂತ ಹೇಳ್ಕೋತ ಅಡ್ಡಾಡ್ತಿದ್ದೆ. ಆ ಸೊಕ್ಕು ಇಳಿಸಿದವರು ಈ ಬಾಯಾರು.

ಹೋದ ಕಾರ್ತೀಕದಾಗ ಅವರು ತೀರಿಕೊಂಡ್ರು. ಎಪ್ಪತ್ತು ದಾಟಿತ್ತು, ಹಾಸಿಗಿ ಹಿಡೀಲಿಲ್ಲ, ಯಾರ ಕೈಲೂ ಸೇವಾ ಮಾಡಿಸ್ಕೊಳ್ಳಲಿಲ್ಲ. ಮಣ್ಣಿಗೆ ಹೋದಾಗ ಊರಿನವರು "ವಕೀಲರ, ನೀವು ನಾಲ್ಕು ಮಾತು ಹೇಳ್ರಿ" ಅಂದ್ರು. ನಾನು ಕೈ ಮುಗದು ಹಿಂದ ಸರದೆ. ಹೇಳಬೇಕಾದದ್ದು ಅಲ್ಲಿ ಹೇಳೋ ಹಂಗಿರಲಿಲ್ಲ. ಅದಕ್ಕ ಇಲ್ಲಿ ಬರೀಲಿಕ್ಕೆ ಹತ್ತೇನಿ. ಹೆಸರು ಮಾತ್ರ ಹಾಕೂದಿಲ್ಲ. ಹೆಸರು ಹಾಕಿದ್ರ, ಅವರ ಮನಿಗೆ ಯಾವ ಯಾವ ಹೆಣ್ಣುಮಕ್ಕಳು ಬಂದು ಹೋಗಿದ್ರು ಅಂತ ಮಂದಿ ಹುಡುಕ್ಕೋತ ಕೂಡ್ತಾರ. ಎಲ್ಲಾರೂ ಅವರಿಗೆ ಮಿಲ್ಟ್ರಿ ಬಾಯಾರು ಅಂತಿದ್ರು, ನಾನೂ ಹಂಗೇ ಅಂತೇನಿ.

ಹಿರೇಕೆರೂರ ತಾಲೂಕಿನ ಕೂಲಿಕಾರರ ಮನಿಯಾಗ ಹುಟ್ಟಿದವರು. ಅಪ್ಪ ಬುದ್ಧನ್ನ ನಂಬಿದಾಂವ, ಏನೇ ಆದ್ರೂ ಮಗಳನ್ನ ಸಾಲಿ ಬಿಡಿಸಲಿಲ್ಲ. ನರ್ಸಿಂಗ್ ಓದಿ, ಮಿಲಿಟರಿ ಆಸ್ಪತ್ರಿ ಸೇರಿ, ಮೇಜರ್ ಆಗಿ ನಿವೃತ್ತಿ ತಗೊಂಡು, ಹಂಸಭಾವಿಯೊಳಗ ಎರಡು ಖೋಲಿಯ ಮನಿ ಕಟ್ಟಿಸಿದ್ರು. ಮದುವಿ ಆಗಿರಲಿಲ್ಲ. ಯಾಕ ಅಂತ ಕೇಳಿದವರಿಗೆ "ಟೈಮ್ ಸಿಗಲಿಲ್ರಿ" ಅಂತಿದ್ರು. ಊಟ ಆದಮ್ಯಾಲೆ ಎಲಿ ಹಾಕ್ಕೊಳ್ಳೂದೊಂದ ಚಟ. "ಮೂವತ್ತ ವರ್ಷ ಬಿಳಿ ಡ್ರೆಸ್ ಹಾಕ್ಕೊಂಡು ಬಾಯಿ ಕೆಂಪ ಮಾಡ್ಕೊಳ್ಳಾಕ ಆಗಲಿಲ್ಲ, ಈಗ ಸೇಡು ತೀರಿಸ್ಕೊಳ್ಳಾಕತ್ತೇನಿ" ಅಂತ ನಗ್ತಿದ್ರು. ನಾನು ಸವಣೂರಿಗೆ ಹೋದಾಗೆಲ್ಲಾ ಅವರಿಗೆ ಒಂದು ಕಟ್ಟು ಎಲಿ, ಅರ್ಧ ಕಿಲೋ ಕರಿದ ಖಾರಾ ತರೂದು ರೂಢಿ ಆತು. ಖಾರಾ ಬಂದವರಿಗೆಲ್ಲಾ ಹಂಚ್ತಿದ್ರು. ಎಲಿ ಮಾತ್ರ ಯಾರಿಗೂ ಕೊಡ್ತಿರಲಿಲ್ಲ.

ಯಾರ ಮನಿಗೆ ಹೋದ್ರೂ ಮೊದಲು ನೋಡೂದು ಹಾಸಿಗಿ. ನಮ್ಮ ಅತ್ತಿಯವರು ನೆಲಾ ಹಿಡಿದು ಮಲಗಿದ್ದ ಕಾಲ. ಬಾಯಾರು ಮೊದಲನೇ ಸಲ ನಮ್ಮ ಮನಿಗೆ ಬಂದವರು, ನಾನು ಚಹಾ ಮಾಡಿ ತರೂದ್ರಾಗ ಅತ್ತಿಯವರನ್ನ ಮಲಗಿದ್ದಲ್ಲೇ ಹೊರಳಿಸಿ, ಕೆಳಗಿನ ಚಾದರ ಬದಲಿಸಿ, ಬೆನ್ನಿಗೆ ಪೌಡರ್ ಹಾಕಿ ಮುಗಿಸಿಬಿಟ್ಟಿದ್ರು. ನಮ್ಮ ಅತ್ತಿಯವರು ಮಡಿ ಅಂದ್ರ ಮಡಿ. "ನೀವು ಯಾರ ಪೈಕಿ" ಅಂತ ಕೇಳಿದ್ರು. ಬಾಯಾರು ಏನೂ ಮುಚ್ಚುಮರಿ ಇಲ್ಲದ ತಮ್ಮ ಜಾತಿ ಹೇಳಿದ್ರು. "ಮೈಲಿಗಿ ಅನಿಸಿದ್ರ ಹೇಳ್ರಿ, ನೀರು ನಾನ ಕಾಸಿ ಕೊಡ್ತೇನಿ, ಬೆನ್ನೂ ನಾನ ತಿಕ್ತೇನಿ" ಅಂದ್ರು. ಅತ್ತಿಯವರು ಮಾಡು ನೋಡ್ಕೋತ ಮಲಗಿದ್ರು. ಬಾಯಾರು ಹೊರಡೋವಾಗ ಒಳಗಿಂದ ಸಣ್ಣ ದನಿ ಬಂತು: "ನಾಳೆ ಎಷ್ಟ ಹೊತ್ತಿಗೆ ಬರ್ತೀರಿ?"

ಹೆಂತಾವರ ಬಾಯಿಂದಲೂ ಮಾತು ತಗಿಯೂದು ಅವರಿಗೆ ಗೊತ್ತಿತ್ತು, ಆದ್ರ ಪ್ರಶ್ನಿ ಕೇಳಿ ಅಲ್ಲ. ಅವರ ಪಡಸಾಲಿಯೊಳಗ ಯಾವಾಗಲೂ ಒಂದು ಚೀಲ ಶೇಂಗಾ ಇರ್ತಿತ್ತು. ಬಂದಾಕಿ ಮುಂದ ಕಾಳು ಕೇರೋ ಒಂದು ಮರಾ ಇಟ್ಟು, ತಾವೂ ಒಂದು ಮರಾ ಹಿಡದು ಬಾಜೂಕ ಕೂಡ್ತಿದ್ರು, ಎದುರಿಗೆ ಅಲ್ಲ. ಇಬ್ಬರೂ ಶೇಂಗಾ ಸುಲಿಯೂದು. "ಮಾರಿ ನೋಡ್ಕೋತ ಕುಂತ್ರ ಯಾರೂ ಹೇಳಂಗಿಲ್ರಿ. ಕೈಗೆ ಕೆಲಸ ಕೊಡ್ರಿ, ಬಾಯಿ ತಾನ ಬಿಚ್ತೈತಿ" ಅಂತಿದ್ರು. ಸೈನಿಕರ ಹೆಂಡಂದ್ರು, ನರ್ಸ್ ಆಗಿ ಹೋದ ಹುಡುಗ್ಯಾರು, ರಜಾಕ್ಕ ಬಂದು ಬ್ಯಾರಕ್ಕಿಗೆ ಹಿಂದಿರುಗಲಿಕ್ಕೆ ಅಂಜೋರು, ಹಿಂಗ ಬಂದವರೆಲ್ಲಾ ಸುಲಿದ ಶೇಂಗಾದಾಗ ಅವರು ವರ್ಷಪೂರ್ತಿ ಚಟ್ನಿಪುಡಿ ಮಾಡ್ತಿದ್ರು. ಆ ಚಟ್ನಿಪುಡಿ ನಾನೂ ತಿಂದೇನಿ. ಯಾರ್ಯಾರು ಸುಲಿದದ್ದು ಅಂತ ಒಂದು ದಿವಸವೂ ಬಾಯಿ ಬಿಡಲಿಲ್ಲ.

ಆ ಹುಡುಗಿ ಬಂದದ್ದೂ ಹಂಗೇ. ಶಿಗ್ಗಾಂವಿ ತಾಲೂಕಿನಾಕಿ. ಅಕಿ ಹೆಸರು ಬರೆಯೂದಕ್ಕ ಕಾಯ್ದೇನೂ ಒಪ್ಪೂದಿಲ್ಲ, ನನ್ನ ಮನಸ್ಸೂ ಒಪ್ಪೂದಿಲ್ಲ. ಊರಿಗೆಲ್ಲಾ ಮೊದಲು ಮಿಲಿಟರಿ ಸೇರಿದ ಹೆಣ್ಣುಮಗಳು. ಭರ್ತಿ ಆದಾಗ ಊರ ಸಾಲಿಯೊಳಗ ಅಕಿಗೆ ಶಾಲು ಹೊದಿಸಿದ್ರಂತ. ಎರಡನೇ ವರ್ಷ ಇಪ್ಪತ್ತು ದಿನದ ರಜಾಕ್ಕ ಬಂದಾಕಿ ಹಿಂದಿರುಗಲೇ ಇಲ್ಲ. ಕೇಳಿದ್ರ ಮಾತಿಲ್ಲ, ಊಟ ಇಲ್ಲ, ಬಾಗಲಾ ಹಾಕ್ಕೊಂಡು ಕೂಡೂದು. ಅವ್ವಗ ಏನೋ ಸಂಶೆ ಬಂತು. ತವರಮನಿಗೆ ಹೋಗಿ ಬರ್ತೇವಿ ಅಂತ ಗಂಡಗ ಹೇಳಿ, ಮಗಳನ್ನ ಕರಕೊಂಡು ನೆಟ್ಟಗ ಹಂಸಭಾವಿಗೆ ಬಂದ್ಲು.

ಎರಡನೇ ದಿವಸ ಶೇಂಗಾ ಸುಲಿಕೋತ ಹುಡುಗಿ ಹೇಳಿದ್ಲು. ಯೂನಿಟ್ಟಿನಾಗ ಅಕಿ ಮ್ಯಾಲಿನ ಸಾಹೇಬ ಸಾಮಾನು ಎಣಿಸೂದದ ಅಂತ ಸ್ಟೋರ್ ಖೋಲಿಗೆ ಕರಸಿ, ಒಳಗಿಂದ ಚಿಲಕಾ ಹಾಕಿ, ಅಕಿ ಮ್ಯಾಲೆ ಅತ್ಯಾಚಾರ ಮಾಡಿದ್ದ. ಬಾಯಿ ಬಿಟ್ರ ನೌಕರಿ ಹೋಗ್ತದ ಅಂದಿದ್ದ. ಅದಾದ ನಾಲ್ಕು ದಿನಕ್ಕ, ಮೊದಲೇ ಮಂಜೂರಾಗಿದ್ದ ರಜಾದ ಮ್ಯಾಲೆ ಅಕಿ ಊರಿಗೆ ಬಂದದ್ದು. ಬಾಯಾರು ಎಲ್ಲಾ ಕೇಳಿ, "ನಾ ನಂಬ್ತೇನವಾ" ಅಂದ್ರಂತ. ಅದು ಅವರ ಮೊದಲನೇ ಮಾತು. ಎರಡನೇದು, "ಕಂಪ್ಲೇಂಟ್ ಕೊಡ್ತೀ ಅಂದ್ರ ನಿನ್ನ ಸಂಗಾಟ ಬರ್ತೇನಿ, ಬ್ಯಾಡ ಅಂದ್ರೂ ನಿನ್ನ ಸಂಗಾಟ ಇರ್ತೇನಿ. ನೀ ಹೇಳಿದಂಗ." ಹುಡುಗಿ ಬಹಳ ಹೊತ್ತು ಸುಲೀತಾ ಇದ್ದು ಹೇಳಿದ್ಲಂತ: "ನನಗ ನನ್ನ ನೌಕರಿ ಬೇಕ್ರಿ. ತಪ್ಪು ಮಾಡಿದಾಂವ ಅಲ್ಲೇ ಅದಾನ. ನಾ ಯಾಕ ಬಿಡ್ಲಿ?"

ಮರುದಿನ ಮುಂಜಾನೆ ಮೂವರೂ ನನ್ನ ಆಫೀಸಿನಾಗ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಸೈನಿಕರ ಮನಿಯೊಳಗ ಕಾಮಾಲಿ ಬರೂದು ಸುಗ್ಗಿಗೆ ಇಲ್ಲಾ ಮದುವಿಗೆ. ರಜಾ ಸಾಲಲಿಲ್ಲಂದ್ರ ಗೊತ್ತಿದ್ದ ಡಾಕ್ಟರ ಕಡೆ ಹೋಗೂದು, ಕಾಮಾಲಿ ಅಂತ ಒಂದು ಸರ್ಟಿಫಿಕೇಟ್ ಬರಿಸೂದು, ರಜಿಸ್ಟರ್ ಪೋಸ್ಟ್ ಮಾಡೂದು. ತಲಿತಲಾಂತರದಿಂದ ನಡದದ, ಯಾರಿಗೂ ಅದು ಸುಳ್ಳು ಅಂತ ಅನ್ನಿಸೂದೇ ಇಲ್ಲ. ಈ ಹುಡುಗಿ ಅಪ್ಪನೂ ಅದನ್ನೇ ಮಾಡಿದ್ದ. ಮಗಳಿಗೆ ಏನಾಗೇದ ಅಂತ ಅಂವಗ ಗೊತ್ತಿರಲಿಲ್ಲ, ಮನಿ ನೆನಪಾಗಿ ಹೋಗವಲ್ಲಳು ಅಂತ ತಿಳಕೊಂಡಿದ್ದ. ರಜಾ ಮುಗಿದ ಮೂರನೇ ದಿವಸ ಡಾಕ್ಟರ ಹತ್ರ ಓಡಿದ. ಆ ಪುಣ್ಯಾತ್ಮ ಭಾರ ಇರಲಿ ಅಂತ, "ಕಳೆದ ಒಂದು ತಿಂಗಳಿಂದ ನನ್ನ ಚಿಕಿತ್ಸೆಯಲ್ಲಿದ್ದಾಳೆ" ಅಂತ ಬರದುಕೊಟ್ಟ. ಒಂದು ತಿಂಗಳು ಹಿಂದಕ್ಕ ಎಣಿಸಿದ್ರ ಏನಾಗ್ತದ? ಸ್ಟೋರ್ ಖೋಲಿಯೊಳಗ ಆ ಅನಾಹುತ ಆದ ದಿವಸ ಹುಡುಗಿ ಶಿಗ್ಗಾಂವಿ ತಾಲೂಕಿನಾಗ ಕಾಮಾಲಿ ಬಂದು ಮಲಗಿದ್ಲು ಅಂತ ಆತು; ಯೂನಿಟ್ಟಿನ ಹಾಜರಿ ಪುಸ್ತಕ ಅಲ್ಲ ಅಂದ್ರ, ಇಕಿ ಸುಳ್ಳಿ ಅಂತ ಆತು. ಆ ಕಾಗದ ಆಗಲೇ ಯೂನಿಟ್ಟಿಗೆ ಮುಟ್ಟಿತ್ತು. ಅದರ ಮ್ಯಾಲೆ, ಇಕಿ ಓಡಿ ಬಂದಾಕಿ, ಮಿಲಿಟರಿ ಭಾಷಾದಾಗ ಭಗೋಡಾ, ಹಿಡದು ಕಳಿಸ್ರಿ ಅಂತ ಊರ ಪೊಲೀಸರಿಗೆ ಪತ್ರ ಬಂದಿತ್ತು.

ಕಾಗದ ನೋಡಿ ನಾನು ಹಣಿ ಹಣಿ ಬಡಕೊಂಡೆ. ವಕೀಲರ ಬುದ್ಧಿ ನೋಡ್ರಿ, ಕೂಡಲೇ ಅದನ್ನ ಮುಚ್ಚೂದು ಹ್ಯಾಂಗ ಅಂತ ಓಡಿತು. ಸರ್ಟಿಫಿಕೇಟಿನ ಸುದ್ದಿನೇ ಎತ್ತದ ಚಂದಾಗಿ ಮೂರು ಪುಟದ ಡ್ರಾಫ್ಟ್ ಮಾಡಿದೆ. "ನನ್ನ ಮಾನಕ್ಕೆ ಕುಂದು ತಂದಿರುತ್ತಾರೆ, ನನ್ನ ಶೀಲಕ್ಕೆ ಧಕ್ಕೆ ಉಂಟುಮಾಡಿರುತ್ತಾರೆ" ಅಂತ ನಮ್ಮ ಅಜ್ಜನೂ ಮೆಚ್ಚೋ ಹಂಗ ಬರದಿದ್ದೆ. ಬಾಯಾರು ಓದಿದ್ರು. ಪರ್ಸಿನಿಂದ ಕೆಂಪು ಪೆನ್ನು ತಗದ್ರು. ಮಾನ ಹೊಡದ್ರು, ಶೀಲ ಹೊಡದ್ರು.

"ಇದ್ಯಾಕ ಹೊಡದ್ರಿ?"

"ಮಾನ ಈ ಹುಡುಗಿದು ಎಲ್ಲೂ ಹೋಗಿಲ್ರಿ. ಅವ ಏನ್ ಮಾಡಿದ, ಅಷ್ಟ ಬರೀರಿ. ಕೈ ಎಲ್ಲಿ ಹಿಡದ, ಚಿಲಕ ಯಾರ ಹಾಕಿದ್ರು, ಈಕಿ ಏನಂದ್ಲು. ಆಸ್ಪತ್ರಿ ಕೇಸ್ ಪೇಪರ್ ಬರದಂಗ ಬರೀರಿ."

"ಆತು. ಮತ್ತ ಮೊದಲನೇ ಸಾಲಿನ ಮ್ಯಾಲೆ ಈ ಬಾಣದ ಗುರ್ತು ಯಾಕ?"

"ಮೊದಲನೇ ಪ್ಯಾರಾದಾಗ ಸರ್ಟಿಫಿಕೇಟ್ ಸುಳ್ಳು ಅಂತ ಬರೀರಿ."

ನಾನು ಉರದುಬಿದ್ದೆ. ತಲಿ ಸರಿ ಅದ ಏನ್ರಿ ನಿಮಗ, ತಾನೇ ಹೋಗಿ ಕೊರಳಿಗೆ ಉರಲು ಹಾಕ್ಕೊಳ್ಳೂದೇನು, ನೀವು ಇಂಜೆಕ್ಷನ್ ಮಾಡ್ರಿ ನಾನು ವಕೀಲಕಿ ಮಾಡ್ತೇನಿ, ಅಂತ ಬಾಯಿಗೆ ಬಂದಂಗ ಅಂದೆ. ಅವ್ವ, ಮಗಳು ಗಾಬರಿಯಾಗಿ ಎದ್ದು ನಿಂತ್ರು. ಬಾಯಾರು ಪೆನ್ನಿನ ಟೊಪಿಗಿ ಹಾಕಿದ್ರು.

"ವಕೀಲರ, ನಾನೂ ಒಮ್ಮೆ ಸುಳ್ಳು ಕಾಗದ ಬರದೇನ್ರಿ" ಅಂದ್ರು. "ನಾ ಆಗ ವಾರ್ಡಿನ ಇಂಚಾರ್ಜ್. ಒಂದ ಹುಡುಗಿನ್ನ ತಂದು ಹಾಕಿದ್ರು, ನಮ್ಮ ನರ್ಸ್ ಹುಡುಗೀನ. ಮೈ ನೋಡಿದ ಕೂಡಲೇ ನನಗ ತಿಳೀತು. ಮ್ಯಾಲಿನವರು ಬಂದು, ಬಾತ್‌ರೂಮಿನಾಗ ಜಾರಿ ಬಿದ್ದಾಳ ಅಂತ ಬರೀರಿ, ಆಕಿ ಒಳ್ಳೇದಕ್ಕ ಹೇಳಾಕತ್ತೇನಿ ಅಂದ್ರು. ನಾ ಬರದೆ. ಆರು ತಿಂಗಳಾದ ಮ್ಯಾಲೆ ಆಕಿ ಧೈರ್ಯ ಮಾಡಿ ಕಂಪ್ಲೇಂಟ್ ಕೊಟ್ಲು. ಕೇಸ್ ಪೇಪರ್ ತರಸಿ ನೋಡಿದ್ರು. ನನ್ನ ಅಕ್ಷರ, ನನ್ನ ಸಹಿ. ಆಕಿ ಸುಳ್ಳಿ ಅಂತ ಆತು. ನೌಕರಿ ಬಿಟ್ಟು ಹೋಗೂಮುಂದ ನನ್ನ ಕಡೆ ಒಮ್ಮೆ ನೋಡಿದ್ಲು, ಬೈಲಿಲ್ಲ. ನಾ ಹೋಗಿ, ಆ ಕಾಗದ ಸುಳ್ಳು, ನಾನ ಬರದದ್ದು ಅಂತ ಒಂದ ಮಾತು ಅಂದಿದ್ರ ಸಾಕಿತ್ತು. ಅನ್ನಲಿಲ್ಲ. ಅಂಜಿದೆ."

ನನಗ ನಾಚಿಕಿ ಆತು. ಅವರ ಬಗ್ಗೆ ಅಲ್ಲ, ಎರಡು ನಿಮಿಷದ ಹಿಂದ ನಾನು ಅಂದ ಮಾತಿನ ಬಗ್ಗೆ. ಹುಡುಗಿ ನನ್ನ ಡ್ರಾಫ್ಟ್ ಬಾಜೂಕ ಸರಿಸಿ, ಟೇಬಲ್ ಮ್ಯಾಲಿನ ಬಿಳಿ ಹಾಳಿ ತಗೊಂಡು ಕುಂತ್ಲು. ಮೊದಲನೇ ಪ್ಯಾರಾ ಅಕಿನೇ ಬರದ್ಲು. ತನಗ ಕಾಮಾಲಿ ಆಗಿರಲಿಲ್ಲ, ತಾನು ಹಿಂದಿರುಗಲಿಲ್ಲ ಯಾಕಂದ್ರ ಆ ಮನುಷ್ಯ ಅಲ್ಲಿದ್ದ, ಕಾರಣ ಗೊತ್ತಿಲ್ಲದ ಅಪ್ಪ ಸುಳ್ಳು ಸರ್ಟಿಫಿಕೇಟ್ ಮಾಡಿಸಿದ, ಅದನ್ನ ತಡೀಲಿಲ್ಲ ಅನ್ನೂದು ತನ್ನ ತಪ್ಪು. ಆಮ್ಯಾಲೆ ನಾಲ್ಕು ಪುಟ, ಕನ್ನಡದಾಗ, ಎಲ್ಲೂ ಹೊಡದು ಬರೀಲಿಲ್ಲ. ನಾನು ಮಾಡಿದ್ದು ಇಂಗ್ಲಿಷಿಗೆ ತರ್ಜುಮಿ ಒಂದೇ.

ಇನ್ನ ಅಪ್ಪನ ಸಹಿ ಬೇಕಿತ್ತು, ಸರ್ಟಿಫಿಕೇಟ್ ತಾನೇ ಮಾಡಿಸಿದ್ದು ಅಂತ. ನಾನು, ಬಾಯಾರು ಅವರ ಊರಿಗೆ ಹೋದ್ವಿ. ಹೆಂಡತಿ ಆಗಲೇ ಎಲ್ಲಾ ಹೇಳಿದ್ಲು. ಆ ಮನುಷ್ಯ ಕಟ್ಟಿ ಮ್ಯಾಲೆ ಕುಂತವ ನಮಗ ಕೂಡ್ರಿ ಅನ್ನಲಿಲ್ಲ. "ಕೇಸ್ ಮಾಡಿದ್ರ ಊರ ಮಂದಿಗೆ ಗೊತ್ತಾಗ್ತೈತಿ. ಶಾಲು ಹೊದಿಸಿದ ಮಂದಿಗಿ ನಾ ಮಾರಿ ತೋರ್ಸೂದ ಹೆಂಗ್ರಿ? ಬ್ಯಾಡ, ನೌಕರಿ ಹೋದ್ರ ಹೋಗ್ಲಿ, ಕಾಮಾಲಿ ಅಂತನ ಇರ್ಲಿ" ಅಂದ. ನಾನು ಕಾಯ್ದೆ ಹೇಳಲಿಕ್ಕೆ ಸುರು ಮಾಡಿದ್ದೆ, ಬಾಯಾರು ನನ್ನ ಸೀರಿ ಸೆರಗು ಜಗ್ಗಿದ್ರು.

"ಯಜಮಾನರ, ನೀವು ಮಗಳ ಮ್ಯಾಲಿನ ಅಕ್ಕರತಿಗೆ ಆ ಕಾಗದ ಮಾಡಿಸಿದ್ರಿ. ಅದನ್ನ ಆಕಿನೂ ಬರದಾಳ" ಅಂದ್ರು. "ಈಗ ಅದ ಕಾಗದ ಹಿಡಕೊಂಡು ಆ ಹಲ್ಕಟ್ ನಗಾಕತ್ತಾನ. ನಿಮ್ಮ ಕೈಯಿಂದ ಹೋದದ್ದು ಅವನ ಕೈಯಾಗ ಐತಿ. ಕಸಗೊಂಡ ಬರೋಣ ಬರ್ರಿ."

ಅಂವ ಎದ್ದು ಒಳಗ ಹೋದ. ನಾನು ಮುಗೀತು ಅನ್ಕೊಂಡೆ. ಹೊರಗ ಬಂದಾಗ ಮಾರಿ ತೊಳಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡಿದ್ದ. "ಸಹಿ ಎಲ್ಲಿ ಮಾಡ್ಲ್ರಿ" ಅಂದ.

ಕಂಪ್ಲೇಂಟ್ ಕೊಡಲಿಕ್ಕೆ ಹುಡುಗಿ ಜೋಡಿ ಯೂನಿಟ್ಟಿಗೆ ಹೋದವರು ಬಾಯಾರು. ಎರಡು ದಿವಸದ ರೈಲು, ಅವರ ಮೊಣಕಾಲು ಬ್ಯಾರೆ ಬಾತಿದ್ವು. ನಾನು ಬರ್ತೇನಿ ಅಂದ್ರ, "ನೀವು ಬಂದ್ರ ಜಗಳಾ ಆಡ್ತೀರಿ, ಇಲ್ಲೇ ಇದ್ದು ಕಾಗದ ನೋಡ್ಕೊಳ್ರಿ" ಅಂದ್ರು. ಅದೂ ಖರೇನೇ. ವಿಚಾರಣೆ ನಡೆಯೋ ಖೋಲಿಯೊಳಗ ಅವರನ್ನ ಬಿಡಲಿಲ್ಲ, ಹೊರಗಿನ ಬೆಂಚಿನ ಮ್ಯಾಲೆ ದಿನಾ ಮುಂಜಾನಿಂದ ಸಂಜಿತನಕಾ ಕೂಡ್ತಿದ್ರು. ನೀವು ಅಕಿಗೆ ಏನಾಗಬೇಕು ಅಂತ ಒಬ್ಬ ಆಫೀಸರ್ ಕೇಳಿದ್ದಕ್ಕ, "ನಾ ಆಕಿ ಊರ ಕಡೆಯಾಕಿ, ರಿಟೈರ್ಡ್ ಮೇಜರ್" ಅಂದ್ರಂತ. ಎರಡನೇ ಮಾತಿಗೆ ಅಂವ ಎದ್ದು ನಿಂತು, ಕುರ್ಚಿ ತರಿಸಿಕೊಟ್ಟ. ಬಾಯಾರು ಬೆಂಚೇ ಸಾಕು ಅಂದ್ರು. ಯಾಕಂದ್ರ ಬೆಂಚಿನಾಗ ಇನ್ನೊಬ್ಬರಿಗೆ ಜಾಗಾ ಇತ್ತು. ಮೂರನೇ ದಿವಸ ಆ ಜಾಗಾದಾಗ ಅದೇ ಯೂನಿಟ್ಟಿನ ಇನ್ನೊಂದು ಹುಡುಗಿ ಬಂದು ಕುಂತ್ಲು. ಆ ಅನಾಹುತ ಆದ ದಿವಸ ಸಂಜಿಮುಂದ ನಮ್ಮ ಹುಡುಗಿ ಅಳಕೋತ ಬ್ಯಾರಕ್ಕಿಗೆ ಬಂದದ್ದನ್ನ ನೋಡಿದಾಕಿ. ಐದನೇ ದಿವಸ ಇನ್ನೊಬ್ಬಾಕಿ ಬಂದ್ಲು. ಅಕಿನ್ನೂ ಅದೇ ಸ್ಟೋರ್ ಖೋಲಿಗೆ ಕರಸಿದ್ದ ಆ ಮನುಷ್ಯ.

ಮುಂದ ಕೋರ್ಟ್ ಮಾರ್ಷಲ್ ಆತು. ಅಲ್ಲಿ ನಡದದ್ದು ಹುಡುಗಿನೇ ನನಗ ಹೇಳಿದ್ದು. ಆ ಕಡೆ ವಕೀಲ ಬಹಳ ಹುಷಾರ್ ಇದ್ದ. ಎಲ್ಲಾ ಪ್ರಶ್ನಿ ಮುಗಿಸಿ, ಕಡೀಕ ಕಾಮಾಲಿ ಸರ್ಟಿಫಿಕೇಟ್ ಎತ್ತಿ ಹಿಡದು, ಇದು ಖರೇನೋ ಸುಳ್ಳೋ ಅಂತ ಕೇಳಿದ. "ಸುಳ್ಳು ಸರ್" ಅಂದ್ಲು ಹುಡುಗಿ. ಅಂದ್ರ ನೀನು ಸುಳ್ಳು ಹೇಳಾಕಿ ಅಂದ. "ಹೌದು ಸರ್, ಆ ಸುಳ್ಳು ನನ್ನ ಕಂಪ್ಲೇಂಟಿನ ಮೊದಲನೇ ಪ್ಯಾರಾದಾಗ ಅದ. ಉಳದದ್ದೆಲ್ಲಾ ಖರೇ, ಅದನ್ನೂ ಓದ್ರಿ." ನ್ಯಾಯ ಕೇಳಲಿಕ್ಕೆ ಕುಂತ ಆಫೀಸರ್ ಹಾಳಿ ಹೊರಳಿಸಿ ಆ ಪ್ಯಾರಾ ಓದಿದ್ರಂತ. ವಕೀಲ ಸರ್ಟಿಫಿಕೇಟ್ ಮಡಚಿ ಫೈಲಿನಾಗ ಇಟ್ಟ.

ಇಪ್ಪತ್ತು ವರ್ಷದ ನನ್ನ ವಕೀಲಕಿ ಆ ಒಂದು ಪ್ಯಾರಾದ ಮುಂದ ಏನೂ ಅಲ್ಲ. ಇದನ್ನ ನಾನು ಬಾಯಾರಿಗೂ ಹೇಳಿದ್ದೆ. "ಹೌದ್ರಿ" ಅಂದ್ರು. ಅಲ್ರೀ, ಸ್ವಲ್ಪ ಮರ್ಯಾದಿಗರೆ ಅಲ್ಲ ಅನ್ನಬೇಕೋ ಬ್ಯಾಡೋ?

ಆ ಮನುಷ್ಯಾಗ ಜೇಲು ಆತು, ನೌಕರಿನೂ ಹೋತು. ಹುಡುಗಿ ಮ್ಯಾಲಿದ್ದ ಭಗೋಡಾ ಅನ್ನೋ ಹೆಸರು ತಗದು ಹಾಕಿದ್ರು. ರಜಾ ಮೀರಿದ್ದಕ್ಕ, ಸುಳ್ಳು ಕಾಗದಕ್ಕ ಒಂದು ಸಣ್ಣ ಶಿಕ್ಷಾ ಕೊಟ್ರು. ನನಗ ಸಿಟ್ಟು ಬಂತು, ಅಪೀಲು ಹಾಕೋಣ ಅಂದೆ. ಹುಡುಗಿ ಫೋನಿನಾಗ ನಕ್ಕಳು. "ಬ್ಯಾಡ್ರಿ, ಅದು ನಂದ ತಪ್ಪು. ನಂದಷ್ಟ ನಾ ತಗೋತೇನಿ. ಅವಂದು ನನ್ನ ತಲಿ ಮ್ಯಾಲೆ ಇಲ್ಲಲ್ರಿ ಈಗ" ಅಂದ್ಲು. ಅಕಿ ನಗೂದನ್ನ ನಾನು ಅವತ್ತೇ ಮೊದಲು ಕೇಳಿದ್ದು. ಅಕಿನ್ನ ಬ್ಯಾರೆ ಯೂನಿಟ್ಟಿಗೆ ಹಾಕಿದ್ರು, ಅದಕ್ಕೂ ಮೊದಲು ಹದಿನೈದು ದಿವಸ ಊರಿಗೆ ಬಂದ್ಲು.

ಅಕಿ ತಿರುಗಿ ಡ್ಯೂಟಿಗೆ ಹೊಂಟ ದಿವಸ ನಾನು, ಬಾಯಾರು ಕಳಿಸಿಕೊಡಲಿಕ್ಕೆ ಹೋಗಿದ್ವಿ. ಅಪ್ಪ ಟ್ರಂಕು ತಲಿ ಮ್ಯಾಲೆ ಹೊತ್ತುಕೊಂಡು ಮುಂದ, ಯೂನಿಫಾರ್ಮ್ ಹಾಕ್ಕೊಂಡ ಮಗಳು ಹಿಂದ, ಅವ್ವ ಬುತ್ತಿ ಗಂಟು ಹಿಡಕೊಂಡು ಅಕಿ ಬಾಜೂಕ. ಹಿಂದಿನ ದಿವಸ ಹುಡುಗಿ ಅಪ್ಪಗ ಹೇಳಿದ್ಲಂತ, ಯಾರರೆ ಕೇಳಿದ್ರ ಖರೇನ ಹೇಳಪ್ಪ, ನಾ ಇರ್ತೇನಿ ಬಾಜೂಕ, ಅಂತ. ಮುಂಜಾನೆ ಎಂಟರ ಹೊತ್ತು, ಬಸ್ ಸ್ಟ್ಯಾಂಡಿನಾಗ ಕಾಲೇಜಿನ ಹುಡುಗರು, ಕೆಲಸಕ್ಕ ಹೋಗೋ ಹೆಣ್ಣುಮಕ್ಕಳು, ಸಂತಿಗೆ ಹೊಂಟವರು ಜಮಾಯಿಸಿದ್ರು. ಬಾಯಾರು ಮುಂದ ಬರಲಿಲ್ಲ, ನನ್ನ ಕೈ ಹಿಡಕೊಂಡು ಕಿರಾಣಿ ಅಂಗಡಿ ಮುಂದ ನಿಂತ್ರು. "ಇದು ಅವರ ಮನಿ ಮಾತು, ನಾವು ದೂರ ನಿಂದ್ರೋಣ" ಅಂದ್ರು.

ಮಂದ್ಯಾಗ ಯಾರೋ ಒಬ್ಬರು ಕೇಳೇ ಬಿಟ್ರು: "ಏನಪಾ, ಮಗಳು ವರ್ಷಗಟ್ಲೆ ಎತ್ತಾಗ ಹೋಗಿದ್ಲು, ಪೊಲೀಸರು ಯಾಕ ಬಂದಿದ್ರು, ಏನ ಭಾನಗಡಿ?"

ಅಪ್ಪ ಟ್ರಂಕು ಕೆಳಗ ಇಳಿಸಿದ. ಮಗಳ ಮಾರಿ ನೋಡಿದ. ಅಕಿ ಹೂಂ ಅಂತ ತಲಿ ಹಾಕಿದ್ಲು.

"ಅಲ್ಲಿ ಒಬ್ಬ ಸಾಹೇಬ ನನ್ನ ಮಗಳ ಮೈಮ್ಯಾಲೆ ಬಿದ್ದಿದ್ದ" ಅಂದ ಅಂವ. ದನಿ ಸಣ್ಣದಾಗಲಿಲ್ಲ. "ನಾ ಅಂಜಿ ಮುಚ್ಚಿಟ್ಟೆ. ಈಕಿ ಅಂಜಲಿಲ್ಲ. ದೊಡ್ಡ ದೊಡ್ಡ ಆಫೀಸರ್ ಮುಂದ ನಿಂತು ಹೇಳಿದ್ಲು. ಅವ ಈಗ ಜೇಲಿನ್ಯಾಗ ಅದಾನ. ನನ್ನ ಮಗಳು ಡ್ಯೂಟಿಗೆ ಹೊಂಟಾಳ."

ಹುಡುಗಿ ತಲಿ ತಗ್ಗಿಸಲಿಲ್ಲ, ಎಲ್ಲಾರ ಕಡೆನೂ ನೋಡ್ಕೋತ ನಿಂತಿದ್ಲು. ನನ್ನ ಬಾಜೂಕ ಬಾಯಾರು ಅಳಲಿಕ್ಕೆ ಹತ್ತಿದ್ರು, ಸೆರಗಿನಿಂದ ಕಣ್ಣು ಒರಿಸ್ಕೊಳ್ಳಲೂ ಇಲ್ಲ. ಅಷ್ಟರಾಗ ಬಸ್ಸು ಬಂತು. ದಿನದಂಗ ಎಲ್ಲಾರೂ ಬಾಗಲಿಗೆ ಮುಗಿಬಿದ್ರು. ಕೂಲಿಗೆ ಹೊಂಟಿದ್ದ ಒಬ್ಬ ಮುದುಕಿ ಎರಡೂ ಕೈ ಅಡ್ಡ ಚಾಚಿ ಬಾಗಲದಾಗ ನಿಂತು, "ಸರೀರಿ ಎಲ್ಲಾ ಹಿಂದ. ಮೊದಲ ಆಕಿ ಹತ್ತಲಿ" ಅಂದ್ಲು.

ಎಲ್ಲಾರೂ ಸರದು ದಾರಿ ಬಿಟ್ರು.